ಎಪ್ಪತ್ತೊಂದನೇ ನಿಮಿಷ

ಹೊಸನಗರ
೨೬ ನವೆಂಬರ್ ೨೦೨೫, ಬುಧವಾರ

ಚಿರಂಜೀವಿ ತ್ರಿಶಲಾಳಿಗೆ,

ಜೈ ಜಿನೇಂದ್ರ. ಹೊಂಬುಜದ ಪದ್ಮಾವತಿ ಅಮ್ಮ ನಿನ್ನನ್ನು ಚೆನ್ನಾಗಿಟ್ಟಿರಲಿ. ನಿನ್ನ ಎಡಮಂಡಿಯನ್ನು ಸ್ವಲ್ಪ ಹೆಚ್ಚೇ ಚೆನ್ನಾಗಿಟ್ಟಿರಲಿ.

ಪತ್ರ ತಡವಾಯಿತು, ಕ್ಷಮಿಸು. ಮೊದಲ ಎಂಟು ದಿನ ಇವತ್ತು ಫೋನ್ ಎತ್ತುತ್ತೀಯ, ನಾಳೆ ಎತ್ತುತ್ತೀಯ ಎಂದು ಕಾದೆ. ಆಮೇಲೆ ಬರೆಯೋಣವೆಂದು ಕೂತರೆ ಪೆನ್ನು ಸಿಗಲಿಲ್ಲ. ಕೇಬಲ್‌ನವನ ಮನೆಯಲ್ಲಿ ಹದಿನೇಳು ರಿಮೋಟ್ ಇವೆ, ಬರೆಯುವ ಪೆನ್ನು ಒಂದಿಲ್ಲ. ಪೋಸ್ಟ್ ಆಫೀಸಿನಲ್ಲಿ ಇನ್‌ಲ್ಯಾಂಡ್ ಲೆಟರ್ ಕೇಳಿದರೆ ಕೌಂಟರಿನ ಹುಡುಗಿ, "ಅದೆಂತ ಸರ್? ಪಾರ್ಸಲ್ಲಾ?" ಅಂದಳು. ಕಡೆಗೆ ಅಂಗಡಿಯಿಂದ ಲಕೋಟೆ ತಂದು ಬರೆಯುತ್ತಿದ್ದೇನೆ. ಅಕ್ಷರ ನೋಡಿ ನಗಬೇಡ.

ನಿನ್ನ ಅಮ್ಮನ ಜೊತೆ ಮಾತ್ರ ಮಾತಾಡುತ್ತೀಯ. ನಾನು ಪಕ್ಕದಲ್ಲಿ ಕಿವಿಗೊಟ್ಟು ಕೂತಿರುತ್ತೇನೆ ಎಂದು ನಿನಗೂ ಗೊತ್ತು. ಕ್ಯಾಂಪಿನ ಊಟ, ಮಂಡಿಯ ನೋವು, ಹೊಸ ಬೂಟು ಕಚ್ಚಿದ್ದು, ಎಲ್ಲ ಹೇಳುತ್ತೀಯ. ನಿನ್ನ ಅಮ್ಮ, "ಅಪ್ಪ ಇಲ್ಲೇ ಇದಾರೆ, ಕೊಡ್ಲಾ?" ಅಂದ ತಕ್ಷಣ ನಿನಗೆ ಪ್ರಾಕ್ಟೀಸ್ ಶುರುವಾಗಿಬಿಡುತ್ತದೆ. ಊಟದ ಹೊತ್ತಿಗೆ ಯಾವ ದೇಶದಲ್ಲಿ ಪ್ರಾಕ್ಟೀಸ್ ಮಾಡಿಸುತ್ತಾರೆ ಮಗಳೇ?

ಕಾರಣ ನನಗೆ ಗೊತ್ತಿಲ್ಲದೆ ಇಲ್ಲ. ಪಂದ್ಯ ಮುಗಿದ ದಿನ ನಾನು ಫೋನ್ ಮಾಡಿ, "ಸೂಪರ್ ಆಡ್ದೆ ಮಗಾ, ಟಿವಿಯಲ್ಲಿ ಕಣ್ಣಾರೆ ನೋಡ್ದೆ" ಅಂದೆ. ಎರಡು ಸಲ ಹಲೋ ಹಲೋ ಅಂದೆ, ಕಟ್ಟಾಯಿತು. ನೆಟ್‌ವರ್ಕ್ ಅಂದುಕೊಂಡೆ. ನಮ್ಮೂರಿನಲ್ಲಿ ಏನು ಕೆಟ್ಟರೂ ಅದರ ತಲೆಗೇ ಕಟ್ಟುವುದು ರೂಢಿ. ಮಾರನೇ ದಿನ ನಿನ್ನ ಅಮ್ಮ ಹೇಳಿದಳು, ಕೊನೆಯ ಗಳಿಗೆಯಲ್ಲಿ ಚೆಂಡು ನಿನ್ನ ಕಾಲಿಗೇ ತಾಗಿ ನಮ್ಮ ಗೋಲಿನೊಳಗೆ ಹೋಯಿತು, ಅದೊಂದೇ ಗೋಲಿನಿಂದ ಭಾರತ ಸೋತಿತು ಎಂದು. ಮಗಳು ಅಳುತ್ತಿರುವಾಗ ಅಪ್ಪ ಸೂಪರ್ ಅಂದಿದ್ದಾನೆ! ನಾನು ಅಣಕಿಸಿದೆ ಎಂದುಕೊಂಡೆಯೋ, ನೋಡದೆ ಸುಳ್ಳು ಹೇಳಿದೆ ಎಂದುಕೊಂಡೆಯೋ ಗೊತ್ತಿಲ್ಲ. ಎರಡನೆಯದೇ ಸರಿ. ನೀನು ಆಡಿದ್ದನ್ನು ನಾನು ನೋಡಲಿಲ್ಲ, ತ್ರಿಶಲಾ. ಅದನ್ನು ಹೇಳಲಿಕ್ಕೇ ಈ ಪತ್ರ. ನೀನು ಮತ್ತೆ ಒಂದು ಸಲ ನನ್ನ ಜೊತೆ ಮಾತಾಡಿದರೆ ಸಾಕು.

ಇಪ್ಪತ್ತನಾಲ್ಕು ವರ್ಷದಿಂದ ಊರಿಗೆಲ್ಲ ಟಿವಿ ತೋರಿಸಿದವನು ಸ್ವಂತ ಮಗಳ ಆಟ ಹೇಗೆ ತಪ್ಪಿಸಿಕೊಂಡ ಎಂದು ನೀನು ಕೇಳಬಹುದು. ಕೇಳು, ಹೇಳುತ್ತೇನೆ. ನನ್ನ ತಲೆ ಕೆಟ್ಟದ್ದು ಎಲ್ಲಿಂದ ಎಂದು ನಿನಗೂ ಗೊತ್ತಾಗಲಿ.

ನಿನ್ನ ಹೆಸರು ತಂಡದ ಪಟ್ಟಿಯಲ್ಲಿ ಬಂದ ದಿನವೇ ಈ ಪಂದ್ಯ ಯಾವ ಚಾನೆಲ್‌ನಲ್ಲಿ ಬರುತ್ತದೆ ಎಂದು ವಿಚಾರಿಸಲು ಶುರು ಮಾಡಿದೆ. ಯಾವುದರಲ್ಲೂ ಇಲ್ಲ. ಹೋಗಲಿ ಎಂದರೆ, ನೀವು ಆಡಲು ಹೋದ ದೇಶದವರು ಇಂಟರ್‌ನೆಟ್‌ನಲ್ಲಿ ಪುಕ್ಕಟೆ ತೋರಿಸುತ್ತಾರಂತೆ. ಅದನ್ನು ತೆರೆದರೆ, "ಈ ವೀಡಿಯೊ ನಿಮ್ಮ ದೇಶದಲ್ಲಿ ಲಭ್ಯವಿಲ್ಲ" ಎಂದು ಬರುತ್ತದೆ. ಯಾಕೆ ಲಭ್ಯವಿಲ್ಲ? ಮುಂಬೈಯ ಯಾವುದೋ ಕಂಪನಿ ಭಾರತದ ಹಕ್ಕು ಕೊಂಡಿದೆಯಂತೆ. ಕೊಂಡವರು ತೋರಿಸುತ್ತಾರಾ? ಇಲ್ಲ. ಹತ್ತು ಪಂದ್ಯದ ಗಂಟಿನಲ್ಲಿ ಇದೂ ಒಂದು ಬಂತು, ಮೂಲೆಗೆ ಎಸೆದು ಕೂತಿದ್ದಾರೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಥೇಟು ಅದೇ.

ಫೋನ್ ಮಾಡಿದೆ. ಕನ್ನಡಕ್ಕೆ ನಾಲ್ಕು ಒತ್ತಿ ಅಂದಿತು, ಒತ್ತಿದೆ, ಹಿಂದಿಯವನು ಬಂದ. ನನಗೆ ಬರುವ ಹಿಂದಿಯಲ್ಲಿ ನನ್ನ ಮಗಳು ಭಾರತಕ್ಕೆ ಆಡುತ್ತಾಳೆ ಅಂದೆ. ಅವನು ಖುಷಿಯಿಂದ, ಕ್ರಿಕೆಟ್ಟಾ ಅಂದ. ಅಲ್ಲಪ್ಪ, ಫುಟ್‌ಬಾಲ್ ಅಂದೆ. ಸ್ವಲ್ಪ ಹೊತ್ತು ಹಾಡು ಕೇಳಿಸಿ, ನಿಮ್ಮ ಮನವಿಯನ್ನು ಗಮನಿಸಲಾಗಿದೆ ಎಂದು ಇಟ್ಟುಬಿಟ್ಟ. ಇನ್ನೂ ಗಮನಿಸುತ್ತಲೇ ಇದ್ದಾರೆ.

ತೀರ್ಥಹಳ್ಳಿಯಲ್ಲಿ ನನ್ನ ಹಾಗೆಯೇ ಕೇಬಲ್ ನಡೆಸುವ ಉಮೇಶನ ಹತ್ತಿರ ಹೋದೆ. ಇಬ್ಬರೂ ಸೇರಿ ಏನಾದರೂ ದಾರಿ ಮಾಡೋಣ ಅಂದರೆ, "ಬಾಹುಬಲಿಯಣ್ಣ, ನಿಮ್ಮ ಮಗಳ ಮೇಲೆ ನಂಗೂ ಪ್ರೀತಿ ಇದೆ, ಆದ್ರೆ ಲೈಸೆನ್ಸ್ ಮೇಲೆ ಇನ್ನೂ ಜಾಸ್ತಿ ಇದೆ" ಅಂದ. ಕಾಫಿ ಕೊಟ್ಟ. ಅವನ ಕಚೇರಿಯ ಗೋಡೆಯ ಮೇಲೆ ಅರ್ಜೆಂಟೀನಾದ ನೀಲಿ ಪಟ್ಟೆಯ ಬಾವುಟ. ಹೊರಗೆ ಬಂದರೆ ಬಸ್‌ಸ್ಟ್ಯಾಂಡಿನ ಹತ್ತಿರ ಅರ್ಜೆಂಟೀನಾ ಅಭಿಮಾನಿಗಳ ಫ್ಲೆಕ್ಸು, ಅದರಲ್ಲಿ ಹನ್ನೆರಡು ಜನರ ಫೋಟೋ. ಆಟಗಾರರದ್ದಲ್ಲ, ಫ್ಲೆಕ್ಸ್ ಹಾಕಿಸಿದವರದ್ದು.

ಇಲ್ಲಿ ನಮ್ಮ ನಾಗೇಂದ್ರನ ಹೋಟೆಲಂತೂ ಪೂರ್ತಿ ಬ್ರೆಜಿಲ್. ಹಳದಿ ಬಾವುಟ, ಹಳದಿ ಟೇಬಲ್ ಬಟ್ಟೆ. ಕೇಸರಿಬಾತಿಗೂ ಒಂದಿಷ್ಟು ಹೆಚ್ಚಿಗೆ ಬಣ್ಣ ಹಾಕುತ್ತಾನೋ ಎಂದು ನನಗೆ ಅನುಮಾನ. ಬ್ರೆಜಿಲ್ ಎಲ್ಲಿದೆಯೋ ಅಂದರೆ, "ಅಮೆರಿಕದ ಕೆಳಗೆ ಎಲ್ಲೋ ಇದೆ ಮಾರಾಯ್ರೆ, ನಾವೇನು ಹೆಣ್ಣು ತರ್ಬೇಕಾ ಅಲ್ಲಿಂದ?" ಅನ್ನುತ್ತಾನೆ. ಭಾರತ ತಂಡ ಆಡುತ್ತೆ ಕಣೋ, ನೋಡು ಅಂದೆ. "ಫುಟ್‌ಬಾಲಲ್ಲಿ ಇಂಡಿಯಾ ಟೀಮ್ ಇದ್ಯಾ?" ಅಂತ ಕೇಳಿದ. ತಮಾಷೆಗಲ್ಲ, ನಿಜವಾಗಿ ಕೇಳಿದ. ಈ ತಿಂಗಳ ಮೊದಲಿಗೆ ಹೆಣ್ಣುಮಕ್ಕಳು ಕ್ರಿಕೆಟ್ ಕಪ್ ಗೆದ್ದಾಗ ರಸ್ತೆ ಮಧ್ಯೆ ಪಟಾಕಿ ಹೊಡೆದವನೂ ಇವನೇ. ಕಪ್ ಗೆದ್ದ ಮೇಲೆ ಎಲ್ಲರೂ ನಮ್ಮ ಮಕ್ಕಳು.

ಆಗ ನಿನ್ನ ಸಾಗರದ ಸೌಜನ್ಯ ಟೀಚರ್ ಫೋನ್ ಮಾಡಿದರು. ನಿನಗೆ ಮೊದಲ ಸಲ ಬೂಟು ಕೊಡಿಸಿದ ಪುಣ್ಯಾತ್ಗಿತ್ತಿ. "ಸರ್, ನಮ್ಮ ಲ್ಯಾಪ್‌ಟಾಪ್ ಬೇರೆ ದೇಶದಲ್ಲಿದೆ ಅಂತ ತೋರ್ಸೋ ಸಾಫ್ಟ್‌ವೇರ್ ಇದೆ. ಹಾಕ್ಕೊಂಡ್ರೆ ಅವರ ವೀಡಿಯೊ ಬರ್ತದೆ" ಅಂದರು. ನಾನು ಇಷ್ಟು ವರ್ಷದಲ್ಲಿ ಒಂದೇ ಒಂದು ಕದ್ದ ಸಿನಿಮಾ ನಮ್ಮ ಲೋಕಲ್ ಚಾನೆಲ್‌ನಲ್ಲಿ ಹಾಕಿದವನಲ್ಲ. ಹೊಸ ಸಿನಿಮಾ ಬಂದ ವಾರ ಜನ ಬೈದರೂ ಹಾಕಲಿಲ್ಲ. ನಿನ್ನ ಅಮ್ಮನಿಗೆ ವಿಷಯ ಹೇಳಿದರೆ, "ಅಚೌರ್ಯ ವ್ರತ ಎಂತಾಯ್ತು? ಬಸದಿ ಬಾಗಿಲಲ್ಲಿ ಬಿಟ್ಟು ಬಂದ್ರಾ?" ಅಂದಳು. ಆಮೇಲೆ ಅವಳೇ, "ಎಷ್ಟು ಗಂಟೆಗೆ ಮ್ಯಾಚು?" ಅಂತ ಕೇಳಿದಳು.

ಅಂತೂ ಹನ್ನೆರಡನೇ ತಾರೀಕು ಬುಧವಾರ ಸಂಜೆ ನಾಲ್ಕೂವರೆಯಿಂದ ಹೊಸನಗರದ ನಮ್ಮ ಕಂಟ್ರೋಲ್ ರೂಮು ಆ ಸಾಫ್ಟ್‌ವೇರಿನ ಲೆಕ್ಕದಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿತ್ತು. ಚಿತ್ರವೇನೋ ಬಂತು. ಅಷ್ಟಕ್ಕೆ ಸುಮ್ಮನಿರಬೇಕಿತ್ತು. ಆದರೆ ನಮ್ಮ ಲೋಕಲ್ ಚಾನೆಲ್ ನೋಡುವವರು ಯಾರು? ಊರಿಗೆ ಊರೇ ನೋಡಲಿ ಎಂಬ ಆಸೆಗೆ, ಜನ ನೋಡುವ ಕ್ರೀಡಾ ಚಾನೆಲ್ಲನ್ನೇ ತೆಗೆದು ಆ ಜಾಗದಲ್ಲಿ ನಿಮ್ಮ ಪಂದ್ಯ ಹಾಕಿದೆ. ಆ ಚಾನೆಲ್‌ನಲ್ಲಿ ಆಗ ಬರುತ್ತಿದ್ದದ್ದು ಬ್ರೆಜಿಲ್‌ನ ಯಾವುದೋ ಓಬೀರಾಯನ ಕಾಲದ ಪಂದ್ಯದ ಮರುಪ್ರಸಾರ. ಯಾರು ಗೆದ್ದರು ಎಂದು ಎಲ್ಲರಿಗೂ ಬಾಯಿಪಾಠ. ಅದಕ್ಕೂ ಫೋನ್ ಬಂತು!

ಇನ್ನೊಂದು ಪೀಕಲಾಟ ಕೇಳು. ಲೋಕಲ್ ಚಾನೆಲ್‌ನ ಮೆಷಿನ್ನಿನ ಮೂಲಕವೇ ಹಾಯಿಸಬೇಕಲ್ಲ, ಅದರ ಜಾಹೀರಾತೂ ಜೊತೆಗೇ ಬಂತು. ಪರದೆಯ ಕೆಳಗಿನ ಅರ್ಧ ಮಂಜುನಾಥಪ್ಪನವರ ತಾಯಿಯ ಶ್ರದ್ಧಾಂಜಲಿ. ಸೂತಕ ಕಳೆಯುವವರೆಗೆ ಒಂದು ನಿಮಿಷವೂ ನಿಲ್ಲಿಸಬಾರದು ಎಂದು ಮಾತಾಗಿತ್ತು. ನಿಮ್ಮ ಬೆಂಚು ಇದ್ದದ್ದು ಸರಿಯಾಗಿ ಆ ಅಜ್ಜಿಯ ಫೋಟೋದ ಹಿಂದೆ. ಕ್ಯಾಮೆರಾ ಸ್ವಲ್ಪ ಮೇಲೆ ಹೋದಾಗ ಒಂದು ಸಲ ನೀನು ಕಂಡೆ, ನೀರು ಕುಡಿಯುತ್ತಿದ್ದೆ. ನಾನು ಒಬ್ಬನೇ ಕೂತವನು, "ಅಗೋ, ಅಗೋ" ಎಂದು ಕೂಗಿದೆ. ಮಂಜುನಾಥಪ್ಪನವರು ಫೋನ್ ಮಾಡಿದರು. ಬೈಯುತ್ತಾರೆ ಎಂದುಕೊಂಡರೆ, "ಅಮ್ಮನ ಫೋಟೋ ಇಷ್ಟು ಜನ ನೋಡಿದ್ದು ಇದೇ ಫಸ್ಟು. ಹಂಗೇ ಇರ್ಲಿ" ಅಂದರು.

ಮನೆಯಲ್ಲಿ ನಿನ್ನ ಅಮ್ಮ ಟಿವಿಯ ಮುಂದಿನಿಂದ ಎದ್ದಿಲ್ಲ. ಸೂರ್ಯ ಮುಳುಗುವ ಮೊದಲು ಊಟ ಮುಗಿಸುವವಳು ಅಂದು ಊಟದ ಹೊತ್ತನ್ನೇ ದಾಟಿಸಿಬಿಟ್ಟಳು. ಆಮೇಲೆ ತಿನ್ನುವ ಹಾಗಿಲ್ಲ, ಮಾರನೇ ದಿನ ಬೆಳಿಗ್ಗೆಯವರೆಗೆ ಉಪವಾಸ.

ಎಪ್ಪತ್ತೊಂದನೇ ನಿಮಿಷಕ್ಕೆ ಪ್ರಸಾರ ನಿಂತುಹೋಯಿತು. ಕಂಪನಿಯವರು ಕಂಡುಹಿಡಿದು ನಿಲ್ಲಿಸಿದರು. ಹಕ್ಕು ಅವರದ್ದು, ಏನು ಮಾಡಲಿಕ್ಕಾಗುತ್ತದೆ? ಆಮೇಲೆ ನೀನು ಇಳಿದೆಯಂತೆ. ಸೌಜನ್ಯ ಟೀಚರ್ ಫೋನ್ ಮಾಡಿ, "ಸರ್, ನೋಡಿದ್ರಾ? ಇಳಿದ್ಳು ನಮ್ಮ ಹುಡ್ಗಿ!" ಎಂದು ಕೂಗಿದರು. ಅವರ ದನಿಯ ಖುಷಿ ಕೇಳಿಯೇ ನಾನು ನಿನಗೆ ಫೋನ್ ಮಾಡಿದ್ದು. ಅವರು ಫೋನ್ ಇಟ್ಟ ಮೇಲೆ ಆ ಗೋಲಾಗಿದೆ. ನನಗೆ ಅದು ಗೊತ್ತಿರಲಿಲ್ಲ ಮಗಳೇ, ಆಣೆಗೂ ಗೊತ್ತಿರಲಿಲ್ಲ. ನೋಡಿದೆ ಎಂದು ಸುಳ್ಳು ಹೇಳಿದ್ದು ನಿನಗೆ ಸಂತೋಷವಾಗಲಿ ಎಂದು ಅಷ್ಟೇ.

ಆ ಗೋಲಿನ ಬಗ್ಗೆ ನಾನು ಏನು ಹೇಳಲಿ? ನನಗೆ ಆಟ ಅಷ್ಟೊಂದು ತಿಳಿಯುವುದಿಲ್ಲ. ಟೀಚರ್ ಹೇಳುವ ಪ್ರಕಾರ ನೀನು ಅಲ್ಲಿಗೆ ಓಡಿ ಬರದಿದ್ದರೆ ಅವರೇ ಹೊಡೆಯುತ್ತಿದ್ದರಂತೆ, ಓಡಿ ಬಂದದ್ದಕ್ಕೇ ತಾಗಿದ್ದಂತೆ. ನಿನ್ನ ಬಗ್ಗೆ ಇಂಟರ್‌ನೆಟ್‌ನಲ್ಲಿ ಯಾರೋ ಕೆಟ್ಟದಾಗಿ ಬರೆದಿದ್ದಾರೆ ಎಂದು ಅಮ್ಮ ಹೇಳಿದಳು. ಬರೆದವರ ಮನೆಯ ಗೋಡೆಯ ಮೇಲೂ ಯಾವ ದೇಶದ ಬಾವುಟ ಇದೆಯೋ ನೋಡಬೇಕು. ಅದನ್ನೆಲ್ಲ ಓದಬೇಡ. ನಿದ್ದೆ ಮಾಡು.

ಜನವರಿಯಲ್ಲಿ ಮತ್ತೆ ಪಂದ್ಯ ಇದೆ ಎಂದು ಕೇಳಿದೆ. ಬೂಟು ಕಚ್ಚಿದರೆ ಎರಡು ಕಾಲುಚೀಲ ಹಾಕಿಕೋ. ಮಂಡಿಗೆ ಎಣ್ಣೆ ಹಚ್ಚುವುದು ಬಿಡಬೇಡ. ಹತ್ತೊಂಬತ್ತು ವರ್ಷಕ್ಕೆ ದೇಶದ ಅಂಗಿ ತೊಟ್ಟವಳು ನಮ್ಮ ಮನೆತನದಲ್ಲಿರಲಿ, ಮೂರು ತಾಲ್ಲೂಕಿನಲ್ಲಿ ಹುಡುಕಿದರೂ ನನಗೆ ತಿಳಿದಂತೆ ಬೇರೆ ಯಾರೂ ಇಲ್ಲ. ಅಪ್ಪ ಅಮ್ಮ ಇಬ್ಬರ ಆಶೀರ್ವಾದವೂ ನಿನ್ನ ತಲೆಯ ಮೇಲೆ, ಎರಡೂ ಕಾಲಿನ ಮೇಲೆ ಇರಲಿ.

ನಿನ್ನ ಪ್ರೀತಿಯ ಅಪ್ಪ,
ಬಾಹುಬಲಿ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ, ಅಂಚು ಹರಿದಿದ್ದರೆ ಅದೇ ಕಾರಣ. ಕಂಪನಿಯವರು ನಿಲ್ಲಿಸಿದರು ಎಂದು ಮೇಲೆ ಬರೆದದ್ದು ಸುಳ್ಳು. ಯಾರೂ ನಿಲ್ಲಿಸಲಿಲ್ಲ. ಮುಂಬೈಯವರಿಗೆ ಹೊಸನಗರ ಅಂತ ಒಂದು ಊರಿದೆ ಎಂದೇ ಗೊತ್ತಿಲ್ಲ.

ಎಪ್ಪತ್ತು ನಿಮಿಷವಾದರೂ ನೀನು ಬೆಂಚಿನ ಮೇಲೇ ಇದ್ದೆ. ಇಬ್ಬರನ್ನು ಬದಲಾಯಿಸಿದರು, ನಿನ್ನನ್ನು ಕರೆಯಲಿಲ್ಲ. ನಾಗೇಂದ್ರ ಫೋನ್ ಮಾಡಿ, "ನಿಮ್ಮ ಮಗಳು ಎಲ್ಲಿದಾಳೆ ಬಾಹುಬಲಿಯಣ್ಣ? ಕೂರಕ್ಕೆ ಅಷ್ಟು ದೂರ ಹೋಗ್ಬೇಕಿತ್ತಾ? ಬ್ರೆಜಿಲ್ ಹಾಕಿ ಅತ್ಲಾಗೆ" ಅಂದ. ಹೋಟೆಲಿನಲ್ಲಿ ಕೂತವರು ನಕ್ಕದ್ದು ಕೇಳಿಸಿತು. ನನಗೆ ಅವನ ಮೇಲೆ ಸಿಟ್ಟು ಬರಬೇಕಿತ್ತು, ನಿನ್ನ ಮೇಲೆ ಬಂತು. ಊರಿಗೆಲ್ಲ ಹೇಳಿ ಕೂರಿಸಿದ್ದೇನೆ, ಇವಳು ಕೂತಲ್ಲಿಂದ ಎದ್ದೇ ಇಲ್ಲವಲ್ಲ ಎಂದು ನಾಚಿಕೆಯಾಯಿತು. ಇನ್ನು ಇವಳನ್ನು ಇಳಿಸುವುದಿಲ್ಲ ಅಂದುಕೊಂಡೆ. ನಾನೇ ವೈರು ಕಿತ್ತು ಬ್ರೆಜಿಲ್ ಹಾಕಿದೆ. ಲ್ಯಾಪ್‌ಟಾಪ್ ಮುಚ್ಚಿ, ಶಟರ್ ಎಳೆದು ಹೊರಟೆ. ನೀನು ಇಳಿದದ್ದು ಎಪ್ಪತ್ತನಾಲ್ಕನೇ ನಿಮಿಷಕ್ಕಂತೆ. ಆಗ ನಾನು ನಾಗೇಂದ್ರನ ಹೋಟೆಲಿನ ಮುಂದೆಯೇ ಸ್ಕೂಟರಿನಲ್ಲಿ ಹೋಗುತ್ತಿದ್ದೆ, ಒಳಗೆ ಚಪ್ಪಾಳೆ ಹೊಡೆಯುತ್ತಿದ್ದರು, ಬ್ರೆಜಿಲ್‌ಗೆ.

ನಿನ್ನ ಅಮ್ಮ ಇವತ್ತಿಗೂ ಮುಂಬೈಯವರಿಗೆ ಶಾಪ ಹಾಕುತ್ತಿದ್ದಾಳೆ. ಈ ಪತ್ರ ಡಬ್ಬಿಗೆ ಹಾಕಿ ಬಂದು ಅವಳಿಗೂ ಹೇಳುತ್ತೇನೆ. ನಿನಗೆ ಮೊದಲು ಹೇಳಬೇಕಿತ್ತು. ಎಪ್ಪತ್ತೊಂದನೇ ನಿಮಿಷದಲ್ಲೂ ನಿನ್ನ ಕೋಚ್ ನಿನ್ನನ್ನು ಕೈಬಿಟ್ಟಿರಲಿಲ್ಲ, ತ್ರಿಶಲಾ. ನಾನು ಬಿಟ್ಟೆ.