ಮೂರನೆಯ ಸಾಲು

ಮಾರ್ಚ್ 3, ಸೋಮವಾರ. ಸಂಜೆ

ಕೆಲಸದಿಂದ ಬಂದು ಕೈ ತೊಳೆದು ನೇರ ಕೆಳಮನೆಗೆ ಇಳಿದೆ. ಉಗುರಿನ ಸಂದಿಯಲ್ಲಿ ಇನ್ನೂ ಮೇಣ. ಕೃತಕ ಹಲ್ಲು ಮಾಡುವ ಲ್ಯಾಬಿನಲ್ಲಿ ಇಡೀ ದಿನ ಒಂದೇ ದವಡೆ — ಮುಂದಿನ ಹಲ್ಲಿನ ಬಣ್ಣ ಹೊಂದಲಿಲ್ಲ, ನಾಳೆ ಮತ್ತೆ.

ಅಣ್ಣ ಕಿಟಕಿಯ ಪಕ್ಕ, ಅದೇ ಕುರ್ಚಿ. ಬಲಗೈ ತೊಡೆಯ ಮೇಲೆ, ಯಾರೋ ಇಟ್ಟು ಮರೆತುಹೋದ ಹಾಗೆ. ಊಟ ಆಯ್ತಾ ಎಂದು ಕೇಳಿದೆ.

"ಅದೇ," ಅಂದ.

ಸ್ಟ್ರೋಕ್ ಆದ ಮೇಲೆ ಅವನ ಬಳಿ ಉಳಿದಿರುವ ಪದ ಇದೊಂದೇ. ನೀರಿಗೂ ಅದೇ, ನೋವಿಗೂ ಅದೇ, ನನಗೂ ಅದೇ. ಲಿಫ್ಟ್ ರಿಪೇರಿಯವನು. ಎರಡು ಮಹಡಿಗಳ ನಡುವೆ ಸಿಕ್ಕಿಬಿದ್ದವರ ಜೊತೆ ಬಾಗಿಲ ಸಂದಿಯಿಂದಲೇ ಹರಟೆ ಹೊಡೆದು ಅವರನ್ನು ನಗಿಸುತ್ತಿದ್ದವನು. ಈಗ ಸಿಕ್ಕಿಬಿದ್ದಿರುವುದು ಅವನು.

ಮಾರ್ಚ್ 5, ಬುಧವಾರ

ರಜೆ ಹಾಕಿ, ಅತ್ತಿಗೆಯ ಜೊತೆ ಅವನನ್ನು ಮಾತಿನ ಮೇಡಂ ಬಳಿ ಕರೆದೊಯ್ದೆ. ಸ್ಪೀಚ್ ಥೆರಪಿಸ್ಟ್‌ಗೆ ನಾವು ಇಟ್ಟಿರುವ ಹೆಸರು ಅದು. ಚಿಕ್ಕ ವಯಸ್ಸು, ಮೆಲು ದನಿ, ಯಾರಿಗೂ ಸುಳ್ಳು ಹೇಳುವುದಿಲ್ಲ.

ಇವತ್ತು ಒಂದು ಬೋರ್ಡ್ ತೆಗೆದರು. ಲೋಟ, ಮಂಚ, ಕಕ್ಕಸು, ಮಾತ್ರೆ — ಎಲ್ಲದರ ಚಿತ್ರ. ಬೇಕಾದ್ದಕ್ಕೆ ಬೆರಳಿಟ್ಟರಾಯಿತು.

"ಜೂನ್ ಐದಕ್ಕೆ ರಿವ್ಯೂ ಇದೆ. ಅಷ್ಟರೊಳಗೆ ತಾನಾಗಿ ಒಂದು ವಾಕ್ಯ ಬರಲಿಲ್ಲ ಅಂದ್ರೆ ಮಾತಿನ ಸೆಷನ್ ನಿಲ್ಲಿಸಿ ಇದನ್ನೇ ಕಲಿಸೋಣ."

ಅಣ್ಣ ಎಡಗೈಯಿಂದ ಬೋರ್ಡನ್ನು ಮಗುಚಿ ಹಾಕಿದ. ನಿಧಾನವಾಗಿ. ಕೋಪವೂ ಅಲ್ಲ.

ಹೊರಡುವಾಗ ಮೇಡಂ ಅಂದರು: "ಕೆಲವರಿಗೆ ಮಾತು ಬರದಿದ್ರೂ ಹಾಡು ಬರುತ್ತೆ. ಹಾಡಿನ ದಾರಿ ಬೇರೆ. ಮನೇಲಿ ಯಾರಾದ್ರೂ ಜೊತೆಗೆ ಹಾಡ್ತೀರಾ?"

ಅತ್ತಿಗೆ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಶಾಲೆಯ ಪ್ರಾರ್ಥನೆಯಲ್ಲೂ ಬರೀ ತುಟಿ ಆಡಿಸುತ್ತಿದ್ದವಳು ನಾನು.

ಬೋರ್ಡ್ ಬೇಡ. ಹಾಡುತ್ತೇನೆ. ಬರೆದಾಯಿತು, ಇನ್ನು ಹಿಂದೆಗೆಯುವ ಹಾಗಿಲ್ಲ.

ಮಾರ್ಚ್ 9, ಭಾನುವಾರ

ಅಣ್ಣನ ರೆಕಾರ್ಡ್ ಆಲ್ಬಮ್‌ಗಳು ಗೋಡೆಯ ಅರ್ಧ. ಫೋಕ್, ಬ್ಲೂಸ್, ಕಂಟ್ರಿ. ಎಲ್ಲ ಇಂಗ್ಲಿಷ್ ಹಾಡು. ಇಷ್ಟು ವರ್ಷ ಮೆಟ್ಟಿಲು ದಾಟಿ ಮೇಲೆ ಕೇಳಿಸುತ್ತಿತ್ತು, ನಾನು ಕಿಟಕಿ ಮುಚ್ಚಿ ಕಾದಂಬರಿ ಓದುತ್ತಿದ್ದೆ. ಎಲ್ಲೆಲ್ಲಿಯದೋ ಭಾಷೆಗಳಿಂದ ಬಂದ ಕಾದಂಬರಿ. ನಾಲ್ಕು ಮೆಟ್ಟಿಲ ಕೆಳಗಿನ ಭಾಷೆ ಮಾತ್ರ ಬೇಡವಾಗಿತ್ತು.

ಕಂದು ಕವರಿನದನ್ನು ಆರಿಸಿದೆ. ಒಬ್ಬ ಮುದುಕ, ಒಂದು ಗಿಟಾರ್, ನೆಲಕ್ಕೆ ಬಡಿಯುವ ಕಾಲು. ಒಳಗೆ ಹಾಡಿನ ಸಾಹಿತ್ಯ ಅಚ್ಚಾದ ಹಾಳೆ ಇದೆ. ಅದು ಸಾಕು. ಅಚ್ಚಾದದ್ದನ್ನು ನಾನು ಕಲಿಯಬಲ್ಲೆ.

ಒಂದು ತಕರಾರು: ಮೊದಲ ಸಾಲನ್ನೇ ಎರಡು ಸಲ ಹಾಡುತ್ತಾನೆ. ಪ್ರತಿ ಪದ್ಯದಲ್ಲೂ. ಒಳ್ಳೆಯ ಸಂಪಾದಕ ಒಂದನ್ನು ಹೊಡೆದುಹಾಕುತ್ತಿದ್ದ.

ಮಾರ್ಚ್ 21, ಶುಕ್ರವಾರ

ಮೇಣ ಕೆತ್ತುತ್ತ ಬಾಯಿಪಾಠ ಮಾಡುತ್ತಿದ್ದೇನೆ. ಎದುರಿನ ಮೇಜಿನವನು — ಮೇಲಿನ ದವಡೆ ಮಾತ್ರ ಮಾಡುತ್ತಾನೆ, ಹಾಗಾಗಿ ಎಲ್ಲರಿಗೂ ಅವನು ಮೇಲ್ದವಡೆ — ಕಿವಿಗೊಟ್ಟು ಕೇಳಿ ಅಂದ:

"ಮೇಡಂ, ಇದು ಹಾಡಾ, ವಾರ್ತೆಯಾ?"

"ಹಾಡು."

"ಹಂಗಾದ್ರೆ ಯಾರೋ ಸತ್ತಿರೋ ವಾರ್ತೆ ಥರ ಇದೆ."

ಮುಂದುವರಿಸಿದೆ.

ಏಪ್ರಿಲ್ 2, ಬುಧವಾರ

ಇವತ್ತಿನದನ್ನು ಬರೆಯಲು ಮನಸ್ಸಿಲ್ಲ. ಬರೆಯುತ್ತೇನೆ.

ದಿನಾ ಮಾಡುವ ಹಾಗೆ: ರೆಕಾರ್ಡ್ ಹಾಕುವುದು, ಒಂದು ಸಾಲು ಕೇಳಿಸುವುದು, ಮುಳ್ಳು ಎತ್ತುವುದು, ಹಾಳೆ ನೋಡಿ ನಾನು ಹೇಳುವುದು, ಅವನು ಹೇಳಲಿ ಎಂದು ಕಾಯುವುದು. ಮತ್ತೆ ಮುಳ್ಳು ಇಳಿಸುವುದು. ನಿಘಂಟು ಪಕ್ಕದಲ್ಲಿಟ್ಟು ಓದುವ ಕ್ರಮ ಅದು. ನನಗೆ ಇನ್ನೊಂದು ಕ್ರಮ ಗೊತ್ತಿಲ್ಲ.

ಐದನೆಯದೋ ಆರನೆಯದೋ ಸಲ ಎತ್ತುವಾಗ ಅಣ್ಣ ನನ್ನ ಕೈಗೆ ಹೊಡೆದ. ಮುಳ್ಳು ಅಡ್ಡಡ್ಡ ಜಾರಿತು. ಆ ಸದ್ದು — ಬಟ್ಟೆ ಹರಿದ ಹಾಗೆ.

ಕಂದು ಕವರಿನ ಮುದುಕನಿಗೆ ಈಗ ಅಂಚಿನಿಂದ ನಡುವಿನ ತನಕ ಒಂದು ಗೀರು.

ಅಣ್ಣ ಗೋಡೆಯ ಕಡೆ ತಿರುಗಿ ಕೂತ. "ಅದೇ" ಅಂತ ಕೂಡ ಅನ್ನಲಿಲ್ಲ.

ಏಪ್ರಿಲ್ 20, ಭಾನುವಾರ

ಕೆಳಗೆ ಹೋಗಿಲ್ಲ. ಲ್ಯಾಬ್, ಮನೆ, ಪುಸ್ತಕ. ಪುಸ್ತಕವೂ ಅಲ್ಲ, ಪುಟ ತಿರುವುವುದು.

ಬೆಳಿಗ್ಗೆ ಅತ್ತಿಗೆಯೇ ಮೇಲೆ ಬಂದರು. ಮೆಟ್ಟಿಲು ಹತ್ತಿ ಏದುಸಿರು. ಕುರ್ಚಿಯ ಮೇಲಿನ ಪುಸ್ತಕ ತೆಗೆದು ಕೂತರು.

"ಇದು ಓದ್ತಾ ಇದ್ದೀಯಾ?"

"ಹೂಂ."

"ಸಾಲಿಗೊಂದು ಸಲ ನಿನ್ನ ಕೈಯಿಂದ ಕಿತ್ಕೊಂಡು, ಏನರ್ಥ ಆಯ್ತು ಹೇಳು ಅಂದ್ರೆ?"

ಪುಸ್ತಕಕ್ಕೆ ಕೈ ಚಾಚಿದೆ, ಅವರು ಕೊಡಲಿಲ್ಲ.

"ಹೊಡೀತಿದ್ದೆ ತಾನೇ? ನಾನಾಗಿದ್ರೆ ಕಚ್ಚಿಬಿಡ್ತಿದ್ದೆ." ಎದ್ದರು. "ಬಾ ಕೆಳಗೆ. ಅವರು ದಿನಾ ಬಾಗಿಲು ನೋಡ್ತಾರೆ. ಪಾಠ ಹೇಳ್ಬೇಡ. ಸುಮ್ನೆ ಕೂತ್ಕೋ."

ಏಪ್ರಿಲ್ 27, ಭಾನುವಾರ

ವಾರವಿಡೀ ಸುಮ್ಮನೆ ಕೂತೆ. ಸಂಜೆಗೊಂದು ಆಲ್ಬಮ್. ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ, ಮಗ್ಗುಲು ಬದಲಿಸಲು ಮಾತ್ರ ಎದ್ದು. ಯಾವುದು ಎಂದು ಅಣ್ಣನೇ ಎಡಗೈಯಿಂದ ಎಳೆದು ಕೊಡುತ್ತಾನೆ.

ಒಬ್ಬಳ ಆಲ್ಬಮ್ ಪೂರ್ತಿ ಒಂದೇ ಮನೆಯ ಬಗ್ಗೆ. ಹಾಡಿಗೊಂದು ಕೋಣೆ. ಅಡುಗೆಮನೆಯ ಹಾಡಿನಲ್ಲಿ ಗಂಡನ ಹೆಸರೇ ಇಲ್ಲ, ಎರಡು ತಟ್ಟೆ ತೊಳೆದೆ ಎನ್ನುತ್ತಾಳೆ. ಮುಂದಿನ ಹಾಡಿನಲ್ಲಿ ಒಂದು ತಟ್ಟೆ. ಅಷ್ಟೇ. ಇದನ್ನು ಹೇಳಲು ನನ್ನ ಕಪಾಟಿನ ಕಾದಂಬರಿಕಾರರಿಗೆ ನಾನೂರು ಪುಟ ಬೇಕಾಯಿತು.

ಇನ್ನೊಬ್ಬ ತನ್ನ ಕೋಣೆಯಲ್ಲೇ ಕೂತು ಹಾಡಿದ್ದಾನೆ. ಕುರ್ಚಿ ಕಿರುಗುಟ್ಟುವುದು ಕೇಳಿಸುತ್ತದೆ. ಯಾರೂ ಅಳಿಸಿಲ್ಲ. ದನಿ ಒಡೆಯುವ ಕಡೆ ಮತ್ತೆ ಹಾಡಿ ಸರಿಮಾಡಿಕೊಂಡಿಲ್ಲ. ಒಡೆದ ಕಡೆಯೇ ನಾನೂ ಅಣ್ಣನೂ ಒಬ್ಬರ ಮುಖ ಒಬ್ಬರು ನೋಡಿದೆವು.

ಇವತ್ತು ಕಂದು ಕವರಿನವನು. ಗೀರಿನ ಜೊತೆಗೇ. ಸುತ್ತಿಗೊಂದು ಸಲ ಟಕ್, ಟಕ್. ಸಾಹಿತ್ಯದ ಹಾಳೆ ಕವರಿನಲ್ಲೇ ಬಿಟ್ಟೆ. ಹಾಳೆಯಲ್ಲಿ ಇಲ್ಲದ್ದು ಎಷ್ಟೊಂದು! ಉಸಿರು, ಹೂಂಕಾರ, ಸಾಲುಗಳ ನಡುವೆ ಗಿಟಾರಿನ ಉತ್ತರ.

ಮತ್ತೆ ಮೊದಲ ಸಾಲು ಎರಡು ಸಲ. ಈಗ ತಿಳಿಯಿತು. ಎರಡನೆಯ ಸಲ ಹಾಡುತ್ತ ಅವನು ಮೂರನೆಯ ಸಾಲನ್ನು ಹುಡುಕುತ್ತಿದ್ದಾನೆ. ಕೇಳುವವನೂ ಹುಡುಕುತ್ತಾನೆ. ಹುಡುಕಲು ಕೊಟ್ಟ ಸಮಯ ಅದು.

ಅಣ್ಣನಿಗೆ ಬೇಕಾದದ್ದೂ ಅದೇ ಸಮಯ. ನಾಳೆಯಿಂದ ರೆಕಾರ್ಡ್ ಇಲ್ಲದೆ. ಕನ್ನಡದಲ್ಲಿ.

ಮೇ 4, ಭಾನುವಾರ

ಮುದುಕನ ಒಂದು ಪದ್ಯ ಅನುವಾದಿಸಿದೆ. ಮೂಲಕ್ಕೆ ನಿಷ್ಠವಾಗಿ. ಅಣ್ಣನ ಎದುರು ಕೂತು, ಮಂಡಿ ತಟ್ಟುತ್ತ ಹಾಡಿದೆ:

"ಶಯ್ಯೆಯ ಮೇಲ್ಭಾಗದಿಂದಲೇ ಜಲಬಿಂದು ಪತನ..."

ಅಣ್ಣನ ಭುಜ ಕುಣಿಯಿತು. ಫಿಟ್ಸೋ ಏನೋ ಎಂದು ಹೆದರಿದೆ. ಅಲ್ಲ. ನಗುತ್ತಿದ್ದ. ಕಣ್ಣಲ್ಲಿ ನೀರು ಬರುವ ತನಕ. ಸ್ಟ್ರೋಕ್ ಆದ ಮೇಲೆ ಮೊದಲ ನಗು.

ಒಳಗಿನಿಂದ ಅತ್ತಿಗೆ: "ಅದೇನು ಹಾಡೋ, ಆಸ್ಪತ್ರೆ ರಿಪೋರ್ಟೋ? ಮನೇಲಿ ಮಾತಾಡೋ ಥರ ಹೇಳಬಾರ್ದಾ?"

ರಾತ್ರಿ ಊಟಕ್ಕೆ ಮುಂಚೆ ತಿದ್ದಿದೆ:

ಹಾಸಿಗೆ ಮೇಲೇ ಸೋರುತ್ತೆ ಸೂರು
ಹಾಸಿಗೆ ಮೇಲೇ ಸೋರುತ್ತೆ ಸೂರು
ಹಾಸಿಗೆ ಸರಿಸಿದ್ರೆ ಹಿಂದೇನೇ ಬಂತು ನೀರು

ಅಣ್ಣ ಎಡಗಾಲಿನಿಂದ ತಾಳ ಹಾಕಿದ. ಎರಡನೆಯ ಸಾಲಿನಲ್ಲಿ ಅವನ ಬಾಯಿಂದ "ಸೂರು". ಸ್ಪಷ್ಟವಾಗಿ.

ಮೇ 18, ಭಾನುವಾರ

ಎರಡನೆಯ ಸಾಲು ಈಗ ಅವನದು. ನಾನು ಹಾಡಿದರೆ ಅವನು ಮರಳಿ ಹಾಡುತ್ತಾನೆ. ಮಾತಾಡಿದರೆ ಬರುವುದಿಲ್ಲ, ಹಾಡಿದರೆ ಪೂರ್ತಿ ಬರುತ್ತದೆ. ಮೂರನೆಯದನ್ನು ಬೇಕೆಂದೇ ಬಿಡುತ್ತೇನೆ. ಕಾಯುತ್ತೇನೆ. ಅವನ ತುಟಿ ಏನನ್ನೋ ಹಿಡಿಯಲು ಹೋಗುತ್ತದೆ. ಕೊನೆಗೆ — "ಅದೇ."

ಮೇ 22, ಗುರುವಾರ

ಮೇಡಂಗೆ ಹಾಡಿ ತೋರಿಸಿದೆವು. ಸಂತೋಷಪಟ್ಟರು. ಆಮೇಲೆ ಅಂದರು:

"ಇದು ಅನುಕರಣೆ. ನೀವು ಕೊಟ್ಟದ್ದನ್ನ ಅವರು ವಾಪಸ್ ಕೊಡ್ತಾ ಇದ್ದಾರೆ. ನನಗೆ ಬೇಕಿರೋದು ಅವರದ್ದೇ ವಾಕ್ಯ. ಸಣ್ಣದಾದ್ರೂ ಸರಿ."

"ಬರುತ್ತೆ," ಅಂದೆ. ನನ್ನ ದನಿ ನನಗೇ ಒರಟಾಗಿ ಕೇಳಿಸಿತು.

ಬೋರ್ಡ್ ಅವರ ಮೇಜಿನ ಕೆಳಗೇ ಇತ್ತು. ಅಣ್ಣ ನೋಡಿದ.

ಮೇ 30, ಶುಕ್ರವಾರ

ಮುದುಕನ ಪದ್ಯಗಳು ಮುಗಿದವು. ಮನೆಯ, ಲ್ಯಾಬಿನ ಸಂಗತಿಗಳನ್ನೇ ಹಾಡುತ್ತಿದ್ದೇನೆ. ನಲ್ಲಿ ತೊಟ್ಟಿಕ್ಕುವುದು. ಮೇಲ್ದವಡೆ ನನ್ನ ಮಗ್ ಒಡೆದದ್ದು. ಅವನು ಈಗ ಕೆಲಸದ ಮೇಜಿನಿಂದಲೇ ಮೂರನೆಯ ಸಾಲು ಎಸೆಯುತ್ತಾನೆ, ಬಹಳಷ್ಟು ಇಲ್ಲಿ ಬರೆಯುವಂಥದ್ದಲ್ಲ.

ಅಣ್ಣನಿಂದ ಇನ್ನೂ ಇಲ್ಲ. ಅತ್ತಿಗೆ ಮೆಲ್ಲಗೆ ಕೇಳಿದರು: "ಬರದೇ ಹೋದ್ರೆ?"

"ಜೂನ್ ಐದು ಆದ ಮೇಲೂ ಹಾಡ್ತೀನಿ. ಬೋರ್ಡ್ ಬಂದ್ರೂ ಅದರ ಪಕ್ಕದಲ್ಲೇ ಕೂತು ಹಾಡ್ತೀನಿ."

"ಹಠಮಾರಿ," ಅಂದರು. ಬೈದದ್ದಲ್ಲ.

ಜೂನ್ 4, ಬುಧವಾರ. ಸಂಜೆ ಆರು

ಕೆಳಮನೆಯ ಅಡುಗೆಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಅಕ್ಷರ ನೆಟ್ಟಗಿಲ್ಲ.

ಮಾತ್ರೆಯ ಹೊತ್ತು. ಅಣ್ಣ ಎಂದಿನಂತೆ ಮುಖ ತಿರುಗಿಸಿದ. ಬೇರೆ ದಿನ ಅತ್ತಿಗೆ ಗದರುತ್ತಿದ್ದರು. ಇವತ್ತು ಮಾತ್ರೆ ಅಂಗೈಯಲ್ಲಿಟ್ಟುಕೊಂಡು, ಎಂದೂ ಹಾಡದವರು, ತಾರಕದಲ್ಲಿ ಶುರುಮಾಡಿದರು:

"ಮಾತ್ರೆ ನುಂಗಿ ಅಂದ್ರೆ ಗೋಡೆ ನೋಡ್ತಾರೆ..."

ಅಣ್ಣ ಗೋಡೆ ನೋಡುತ್ತಲೇ ಮರಳಿ ಹಾಡಿದ. "ಮಾತ್ರೆ ನುಂಗಿ ಅಂದ್ರೆ ಗೋಡೆ ನೋಡ್ತಾರೆ."

ಅತ್ತಿಗೆ, ನಾನು ಇಬ್ಬರೂ ಕಾದೆವು. ಅವನ ಎಡಗಾಲು ಮಾತ್ರ ನೆಲ ಬಡಿಯುತ್ತಿತ್ತು. ತಾಳದ ಒಂದು ಸುತ್ತು ಹೋಯಿತು. ಇನ್ನೊಂದು. ನಾನು ಬಾಯಿ ತೆರೆಯದ ಹಾಗೆ ನಾಲಗೆ ಕಚ್ಚಿಕೊಂಡೆ.

"ಗೋಡೆ..." ಅಂದ. ನಿಂತ. ಕಾಲು ನಿಲ್ಲಲಿಲ್ಲ.

"ಗೋಡೆ ಸುಮ್ನಿರುತ್ತೆ."

ಅತ್ತಿಗೆ: "ಓಹೋ. ಬಾಯಿ ಬಂದ ತಕ್ಷಣ ನನಗೇ." ಸೆರಗು ಬಾಯಿಗೆ ಒತ್ತಿಕೊಂಡರು. ಅಣ್ಣ ಮಾತ್ರೆ ತೆಗೆದುಕೊಂಡು ನುಂಗಿದ, ದೊಡ್ಡ ಉಪಕಾರ ಮಾಡುವವನಂತೆ.

ನಾನು ಕೊಟ್ಟದ್ದಲ್ಲ. ಅತ್ತಿಗೆ ಕೊಟ್ಟದ್ದಲ್ಲ. ಯಾವ ಹಾಳೆಯಲ್ಲೂ ಅಚ್ಚಾಗಿಲ್ಲ. ಕರ್ತೃ, ಕ್ರಿಯಾಪದ, ಜೊತೆಗೆ ಹೆಂಡತಿಗೆ ಒಂದು ಕುಟುಕು.

ನಾಳೆ ರಿವ್ಯೂ. ಮೇಡಂ ಮುಂದೆ ಬಾಯಿ ಬಿಡುತ್ತಾನೋ ಇಲ್ಲವೋ ಗೊತ್ತಿಲ್ಲ. ಬಿಡದಿದ್ದರೆ ಅವರನ್ನೇ ಇಲ್ಲಿಗೆ ಕರೆತರುತ್ತೇನೆ, ಮಾತ್ರೆಯ ಹೊತ್ತಿಗೆ ಸರಿಯಾಗಿ.

ಅತ್ತಿಗೆ ಬಿಟ್ಟಿಲ್ಲ. ಹೊರಗಿನ ಕೋಣೆಯಲ್ಲಿ ಹೊಸದೊಂದು ಶುರುವಾಗಿದೆ — "ನಾಳೆ ಮೇಡಂ ಕೇಳಿದ್ರೆ ಏನಂತೀರಿ..." ಅಣ್ಣ ಅದನ್ನೇ ಮರಳಿ ಹಾಡುತ್ತಿದ್ದಾನೆ, ಎಳೆದೆಳೆದು, ಹುಡುಕುತ್ತ. ಸಾಲು ಮುಗಿಯಿತು. ಕಾಲಿನ ತಾಳ ಇಲ್ಲಿಗೂ ಕೇಳಿಸುತ್ತಿದೆ. ಪೆನ್ನು ಇಟ್ಟು ಹೋಗಬೇಕು, ಈಗ ಅವನು —