ಮೆಟ್ಟಿಲುಗಳಿಗೆ ಒಪ್ಪಿಗೆ

ಭಾನುವಾರ, ಮಧ್ಯಾಹ್ನ

ನನ್ನ ಮೀನಿಗೆ,

ನಿನ್ನ ಹಲ್ಲುಪುಡಿಯ ಪ್ರೀತಿ ಮೊದಲು, ಮಿಕ್ಕಿದ್ದು ಆಮೇಲೆ. ಮೊನ್ನೆ ತಾನೇ ನಿನ್ನ ಮಂಚದ ಪಕ್ಕ ಕೂತು ಕಿತ್ತಳೆ ಸುಲಿದುಕೊಟ್ಟು ಬಂದವಳು ಇವತ್ತೇಕೆ ಕಾಗದ ಬರೆಯುತ್ತಿದ್ದಾಳೆ ಎಂದು ನಿನಗೆ ಅನಿಸಬಹುದು. ಎದುರಿಗೆ ಕೂತರೆ ನನ್ನ ಬಾಯಿಂದ ಬಿಸಿಲು, ಸೆಕೆ, ಆಸ್ಪತ್ರೆಯ ಲಿಫ್ಟು ಇಷ್ಟರ ಸುದ್ದಿ ಬಿಟ್ಟು ಬೇರೇನೂ ಹೊರಡುವುದಿಲ್ಲ. ಊರವರ ಬಾಯಿಗೆಲ್ಲ ಹೊಂದುವ ಹಾಗೆ ಹಲ್ಲಿನ ಸೆಟ್ಟು ಮಾಡಿಕೊಡುವವಳ ಸ್ವಂತ ಬಾಯಿಯ ಗತಿ ಇದು.

ಆರ್ಕಿಟೆಕ್ಟರನ್ನು ಆರಿಸಿದ ಸಭೆಯ ವಿಷಯ ಬರೆಯುತ್ತೇನೆ. ಫೋನಿನಲ್ಲಿ ಎಲ್ಲವನ್ನೂ ಕೇಳಿಸಿಕೊಂಡಿದ್ದೀ ನಿಜ. ಆದರೆ ನೀನು ಕಾಣದೆ ಹೋದದ್ದೂ ಇದೆ.

ಸಭೆ ಎಂದಿನ ಹಾಗೆ ಸರ್ವೆ ಮಾಮನ ಮನೆಯ ಮಹಡಿಯಲ್ಲಿ. ಇಷ್ಟು ವರ್ಷ ಬೇರೆಯವರ ಜಮೀನು ಅಳೆದು ನಿವೃತ್ತರಾದ ಮನುಷ್ಯ ಈಗ ನಾವೆಲ್ಲ ಸೇರಿ ಕಟ್ಟಹೊರಟ ಕೂಡುಮನೆಯ ಅಧ್ಯಕ್ಷರಾಗಿ ನಮ್ಮ ಮಾತುಗಳನ್ನು ಅಳೆಯುತ್ತಾರೆ. ಗೋಡೆಗೆ ಇಬ್ಬರು ಆರ್ಕಿಟೆಕ್ಟರ ನಕ್ಷೆಗಳನ್ನೂ ಅಂಟಿಸಿದ್ದರು. ಮೇಜಿನ ನಡುವೆ ಒಂದು ಮಗುಚಿದ ಬಟ್ಟಲು, ಅದಕ್ಕೆ ಒರಗಿಸಿದ ಫೋನು. ಆ ಫೋನೇ ನೀನು. ಮಾತಾಡುವವರೆಲ್ಲ ಅದರ ಕಡೆ ಬಾಗಿ, ನಿನಗೆ ಕಿವಿ ಕೇಳಿಸದೇನೋ ಎಂಬಂತೆ ಗಟ್ಟಿಯಾಗಿ ಮಾತಾಡುತ್ತಿದ್ದರು. ನಮ್ಮ ಗುಂಪಿನ ಬೇಕರಿಯವನಂತೂ ಪ್ರತಿ ಮಾತಿಗೂ ಫೋನಿಗೆ ತಲೆಯಾಡಿಸುತ್ತಿದ್ದ.

ಎಲ್ಲರಿಗೂ ಗೊತ್ತಿತ್ತು, ಇದು ನಿನ್ನ ಸಭೆ ಎಂದು. ಈಜುಕೊಳದ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತು ಈ ಮಾತು ಮೊದಲು ಎತ್ತಿದವಳು ನೀನು. ಸಂಸಾರಕ್ಕೊಂದು ಪುಟ್ಟ ಮನೆ, ಎಲ್ಲರಿಗೂ ಸೇರಿ ಒಂದು ದೊಡ್ಡ ಅಡುಗೆಮನೆ, ಒಂದು ಊಟದ ಹಜಾರ. ಒಬ್ಬರಿಗೆ ಜ್ವರ ಬಂದರೆ ಪಕ್ಕದವರಿಗೆ ಕೆಮ್ಮಿನಿಂದಲೇ ಗೊತ್ತಾಗಬೇಕು. "ಒಂಟಿಯಾಗಿ ಸಾಯೋದು ಬೇಡ ಕಣೇ, ಜಗಳ ಆಡ್ಕೊಂಡು ಒಟ್ಟಿಗೆ ಸಾಯೋಣ" ಎಂದು ನೀನು ಅಂದಿದ್ದೆ. ಗಂಡನಿಲ್ಲದ ನಾನು, ಮದುವೆಯೇ ಬೇಡವೆಂದ ನೀನು, ಅಲ್ಲಿಂದ ಶುರುವಾಗಿ ಹನ್ನೊಂದು ಸಂಸಾರಗಳಾದವು. ಎಲ್ಲರೂ ಒಪ್ಪದೆ ಯಾವುದೂ ತೀರ್ಮಾನವಾಗಬಾರದು, ಬೇಡ ಎನ್ನುವವರು ಎದ್ದು ನಿಂತು ಕಾರಣ ಹೇಳಬೇಕು ಎಂಬ ನಿಯಮವೂ ನಿನ್ನದೇ.

ನಕ್ಷೆಗಳನ್ನು ನೀನು ಮೊಬೈಲಿನ ಪರದೆಯ ಮೇಲೆ ಮಾತ್ರ ನೋಡಿದ್ದೆ. ಗೋಡೆಯ ಮೇಲೆ, ಇಬ್ಬರಲ್ಲಿ ಕಿರಿಯವಳಾದ ಆ ಹುಡುಗಿಯ ನಕ್ಷೆ ನಿಜವಾಗಿಯೂ ಚೆಂದವಿತ್ತು. ನಮ್ಮ ಇಳಿಜಾರು ಜಾಗದಲ್ಲಿ ಮನೆಗಳು ಒಂದರ ಹೆಗಲ ಮೇಲೊಂದು ಕೈಯಿಟ್ಟು ಹತ್ತಿದ ಹಾಗೆ. ನಡುವೆ ಅಗಲವಾದ ಕಲ್ಲಿನ ಮೆಟ್ಟಿಲು. ತುತ್ತತುದಿಯಲ್ಲಿ ಊಟದ ಹಜಾರ, ಅದರ ಕಿಟಕಿಯಿಂದ ಕೆರೆ ಪೂರ್ತಿ ಕಾಣುತ್ತದೆ. ಇನ್ನೊಂದು, ಆ ಹಿರಿಯರದು, ಹಜಾರವನ್ನು ಕೆಳಗೆ ರಸ್ತೆಯ ಪಕ್ಕಕ್ಕೆ ತಂದಿತ್ತು. ಮೆಟ್ಟಿಲೇ ಇಲ್ಲ. ಒಂದು ದಾರಿ ಜಾಗದ ತುಂಬ ಸುತ್ತಿ ಸುತ್ತಿ ನಿಧಾನವಾಗಿ ಹತ್ತುತ್ತಿತ್ತು. ಅದಕ್ಕಾಗಿ ಎಲ್ಲರ ಹಿತ್ತಲನ್ನೂ ಅರ್ಧಕ್ಕರ್ಧ ಕತ್ತರಿಸಿದ್ದರು.

ಸರ್ವೆ ಮಾಮ ಒಬ್ಬೊಬ್ಬರನ್ನೇ ಕೇಳುತ್ತ ಬಂದರು. ಮೆಟ್ಟಿಲು, ಮೆಟ್ಟಿಲು, ಮೆಟ್ಟಿಲು. ನಿನ್ನ ಸರದಿ ಬಂದಾಗ ನೀನು ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. "ಆ ಹಿರಿಯರದು ಆಸ್ಪತ್ರೆ ಥರ ಇದೆಯಪ್ಪ. ಇಲ್ಲಿ ಇದ್ದೂ ಇದ್ದೂ ಸಾಕಾಗಿದೆ ನಂಗೆ. ನನ್ನ ಮತ ಹುಡುಗಿಗೆ." ಎಲ್ಲರೂ ನಕ್ಕರು. ನಿನ್ನ ತಮ್ಮ ಮಾತ್ರ ನಗಲಿಲ್ಲ. ನಿನ್ನ ಪರವಾಗಿ ಅಲ್ಲಿ ಬಂದು ಕೂತವನು ಬೂಟಿನ ದಾರ ಬಿಚ್ಚಿ ಮತ್ತೆ ಕಟ್ಟಲು ಶುರು ಮಾಡಿದ.

ನಂತರ ನಾನು. ನಾನು ಹಿರಿಯರ ನಕ್ಷೆಯೇ ಇರಲಿ ಎಂದೆ. ಯಾಕೆ ಎಂದರು. ಮುಂದೆ ಎಲ್ಲರಿಗೂ ವಯಸ್ಸಾಗುತ್ತದೆ, ಮಂಡಿ ನೋಯುತ್ತದೆ ಎಂದೇನೋ ತೊದಲಿದೆ. "ಇವಳು ಹುಟ್ಟುವಾಗ್ಲೇ ಮುದುಕಿ. ಬಿಡಿ, ನಾನು ಎತ್ಕೊಂಡು ಹೋಗ್ತೀನಿ" ಎಂದು ನೀನು ಫೋನಿನಿಂದ ಚುಡಾಯಿಸಿದೆ. ಮತ್ತೆ ನಗು. ಬೇಕರಿಯವನು ಸಮಾಧಾನವಾಗಿಯೇ ಹೇಳಿದ, ಜಾಗ ಹುಡುಕಿ ಹುಡುಕಿ, ಕಾದು ಕಾದು ಎಲ್ಲರೂ ಸೋತಿದ್ದಾರೆ, ಬೇಡ ಎನ್ನುವುದಾದರೆ ಎದ್ದು ನಿಂತು ಸರಿಯಾದ ಕಾರಣ ಹೇಳಿ ಎಂದು.

ಎದ್ದು ನಿಂತೆ, ಮೀನೀ. ಇದು ನಿನಗೆ ಫೋನಿನಲ್ಲಿ ಕಾಣಲಿಲ್ಲ. ಕುರ್ಚಿಯ ಬೆನ್ನು ಹಿಡಿದು ನಿಂತು ನಿನ್ನ ತಮ್ಮನ ಕಡೆ ನೋಡಿದೆ. ಅವನು ತಲೆ ಎತ್ತಲಿಲ್ಲ. ಕಾರಣ ನನ್ನ ನಾಲಿಗೆಯ ತುದಿಯಲ್ಲಿತ್ತು, ಹೇಳಿದ್ದರೆ ಅದನ್ನು ಮೊದಲು ಕೇಳಿಸಿಕೊಳ್ಳುವವಳು ನೀನೇ, ಅದೂ ಅಷ್ಟು ಜನರ ಎದುರಿಗೆ, ಒಂದು ಫೋನಿನಲ್ಲಿ. ಒಪ್ಪಿಗೆ ಎಂದು ಹೇಳಿ ಕೂತುಬಿಟ್ಟೆ. ಚಪ್ಪಾಳೆ ನಿನಗೂ ಕೇಳಿಸಿರಬೇಕು.

ಹೊರಗೆ ಬಂದಾಗ ನಿನ್ನ ತಮ್ಮ ಗೇಟಿನ ಹತ್ತಿರ ನಿಂತಿದ್ದ. ಎಷ್ಟು ದಿನ ಹೀಗೆ ಎಂದು ಕೇಳಿದೆ. "ಅಕ್ಕ ಅಷ್ಟು ನಗ್ತಾ ಇದ್ಳು, ನೀವೇ ಕೇಳಿದ್ರಲ್ಲ. ಇನ್ನೊಂದು ಸ್ವಲ್ಪ ದಿನ ನಗ್ಲಿ ಬಿಡಿ" ಎಂದ. ಬೈಯೋಣವೆಂದುಕೊಂಡೆ. ಬೈಯಲಾಗಲಿಲ್ಲ.

ಆ ಹುಡುಗಿಯ ಆಫೀಸಿಗೂ ಹೋಗಿದ್ದೆ. ನಿನಗೆ ಹೇಳಿರಲಿಲ್ಲ. ಕೆಳಗೆ ಬಟ್ಟೆ ಇಸ್ತ್ರಿಯವನ ಅಂಗಡಿ, ಮೇಲೆ ಇವಳದು. ಒಂದೇ ಕೋಣೆ, ತುಂಬ ರಟ್ಟಿನ ಚೂರುಗಳು. ಅವಳ ನಕ್ಷೆಯಲ್ಲೇ ಮೆಟ್ಟಿಲಿನ ಜೊತೆಗೆ ಒಂದು ಇಳಿಜಾರು ದಾರಿ ಸೇರಿಸಲಾಗದೇ ಎಂದು ಕೇಳಿದೆ. ಒಳ್ಳೆಯ ಹುಡುಗಿ, ನಗಲಿಲ್ಲ. ತೆಳುವಾದ ಹಾಳೆ ಹಾಸಿ ಪೆನ್ಸಿಲಿನಿಂದ ಗೀಚಿ ಗೀಚಿ ನೋಡಿದಳು. ಜಾಗ ತೀರ ಕಡಿದಾಗಿದೆ, ಗಾಲಿ ಉರುಳುವಂಥ ದಾರಿ ಹಜಾರದವರೆಗೆ ಹತ್ತಬೇಕಾದರೆ ನಾಲ್ಕು ಮನೆ ತೆಗೆಯಬೇಕು ಎಂದಳು. ಯಾವ ನಾಲ್ಕು ಸಂಸಾರವನ್ನು ತೆಗೆಯಲಿ ಹೇಳು. ಲಿಫ್ಟು ಎಂದೆ. ಅದಕ್ಕೆ ಬಂಡೆ ಒಡೆಯಬೇಕು, ಕೆಳಗಿನ ಮನೆಗಳ ಪಾಯಕ್ಕೆ ಅಪಾಯ ಎಂದಳು. ಯಾರಿಗೋಸ್ಕರ ಎಂದು ಕೇಳಿದಳು. ನನಗೇ ಎಂದುಬಿಟ್ಟೆ. ನನ್ನ ಮಂಡಿಯನ್ನೊಮ್ಮೆ ನೋಡಿ, ಪಾಪ, ಎಲ್ಲಕ್ಕಿಂತ ಕೆಳಗಿನ ಮನೆಗೆ ನನ್ನ ಗುರುತು ಹಾಕಿಕೊಂಡಳು. ಆ ಮನೆಗೆ ಮೆಟ್ಟಿಲಿಲ್ಲದೆ ಬರಬಹುದು. ಆದರೆ ಅಲ್ಲಿಂದ ಊಟಕ್ಕೆ ಹೋಗಲಾಗುವುದಿಲ್ಲ. ಮೇಲೆ ಎಲ್ಲರೂ ತಟ್ಟೆ ಇಡುವ ಸದ್ದು ಮಾತ್ರ ಕೇಳಿಸುತ್ತದೆ.

ಗುರುವಾರ ಅವಳು ರಟ್ಟಿನ ಮಾದರಿಯನ್ನು ಹೊತ್ತುಕೊಂಡು ನಿನ್ನ ವಾರ್ಡಿಗೇ ಬರುತ್ತಾಳೆ. ನಿನಗೆ ಯಾವ ಮನೆ ಬೇಕೋ ಬೆರಳಿಟ್ಟು ತೋರಿಸಬೇಕಂತೆ. ಅಷ್ಟರಲ್ಲಿ ಯಾರಾದರೂ ಹೇಳಲೇಬೇಕು. ನಿನ್ನ ತಮ್ಮ ಹೇಳುವವನಲ್ಲ. ಡಾಕ್ಟರನ್ನು ಕೇಳಿದರೆ ಮನೆಯವರು ಯಾವಾಗ ಅಂದರೆ ಆವಾಗ ಎನ್ನುತ್ತಾರೆ.

ಬೆನ್ನಿನ ಗೆಡ್ಡೆ ತೆಗೆದ ದಿನ ಡಾಕ್ಟರು ನಿನ್ನ ತಮ್ಮನನ್ನೂ ನನ್ನನ್ನೂ ತಮ್ಮ ಕೋಣೆಗೆ ಕರೆದಿದ್ದರು. ಜೀವಕ್ಕೆ ಏನೂ ಭಯವಿಲ್ಲ ಎಂದರು. ಗೆಡ್ಡೆ ಪೂರ್ತಿ ಹೋಗಿದೆ, ಮತ್ತೆ ಬರುವಂಥದ್ದಲ್ಲ ಎಂದರು. ಆದರೆ ಕಾಲಿಗೆ ಹೋಗುವ ನರಗಳು ಉಳಿದಿಲ್ಲ. ಬಾವು ಇಳಿಯಲಿ, ವ್ಯಾಯಾಮ ಮಾಡಿಸೋಣ ಎಂದು ನಾವು ನಿನಗೆ ಹೇಳುತ್ತ ಬಂದದ್ದೆಲ್ಲ ನಾವು ಕಟ್ಟಿದ ಮಾತು. ನೀನು ಇನ್ನು ನಡೆಯುವುದಿಲ್ಲ, ಮೀನೀ. ಗಾಲಿಕುರ್ಚಿಯಲ್ಲಿ ಎಲ್ಲ ಆಗುತ್ತದೆ, ನಿನ್ನ ತೋಳಿನ ಬಲಕ್ಕೆ ಏನೂ ಕಷ್ಟವಿಲ್ಲ ಎಂದು ಅವರು ಹೇಳಿದರು. ಅದನ್ನೂ ಬರೆಯುತ್ತಿದ್ದೇನೆ, ಯಾಕೆಂದರೆ ಆ ಹೊತ್ತಿನಲ್ಲಿ ನಾನು ಹಿಡಿದುಕೊಂಡದ್ದು ಅದೊಂದನ್ನೇ.

ಈಗ ಏನು ಮಾಡಬೇಕು ನನಗೆ ತಿಳಿಯದು. ಸಭೆಗೆ ಹೋಗಿ ತೀರ್ಮಾನ ಮುರಿಯಿರಿ ಎಂದರೆ ಎಲ್ಲರೂ ಮುರಿಯುತ್ತಾರೆ, ನಿನಗಾಗಿ. ಹಾಗೆ ಮುರಿಸಿಕೊಂಡ ಮನೆಯಲ್ಲಿ ನೀನು ಒಂದು ದಿನವೂ ಇರುವವಳಲ್ಲ ಎಂದು ನನಗೆ ಗೊತ್ತು. ಹೇಳದೆ ಸುಮ್ಮನಿದ್ದರೆ ಮನೆಗಳು ಮೇಲೇಳುತ್ತವೆ. ಎರಡರ ನಡುವೆ ಕೂತು ದಿನಾ ಕಟ್ಟುಹಲ್ಲು ಉಜ್ಜಿ ನಯ ಮಾಡುತ್ತಿದ್ದೇನೆ. ನೆನ್ನೆ ಒಂದು ಸೆಟ್ಟಿಗೆ ಎಡದ ಹಲ್ಲು ಬಲಕ್ಕೆ ಕೂರಿಸಿದೆ.

ಕೋಪ ಬಂದರೆ ನನ್ನ ಮೇಲೆ ಮಾಡಿಕೋ. ನಿನ್ನ ತಮ್ಮನ ಮೇಲೆ ಬೇಡ. ಅವನಿಗೆ ನೀನೊಬ್ಬಳೇ.

ನಿನ್ನವಳೇ ಆದ,
ಹಲ್ಲುಪುಡಿ

ತಾ.ಕ. ಸೋಮವಾರ. ಇದನ್ನು ಕೊಡಲು ಆಸ್ಪತ್ರೆಗೆ ಬಂದು ನಿನ್ನ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತು ಇಷ್ಟನ್ನು ಸೇರಿಸುತ್ತಿದ್ದೇನೆ. ನಿನಗೆ ವ್ಯಾಯಾಮ ಮಾಡಿಸುವಾಕೆ ಈಗ ಸಿಕ್ಕಿದರು. ಮಂಚದಿಂದ ಕುರ್ಚಿಗೆ ನೀನು ಯಾರ ಕೈಯೂ ಹಿಡಿಯದೆ ದಾಟುತ್ತೀಯಂತೆ, ಅದನ್ನು ಹೆಮ್ಮೆಯಿಂದ ಹೇಳಿದರು. "ಇನ್ನು ನಡೆಯೋಕಾಗಲ್ಲ ಅಂತ ಡಾಕ್ಟರ ಹತ್ರ ನೇರವಾಗಿ ಕೇಳಿ ತಿಳ್ಕೊಂಡ್ರಲ್ಲ, ಆವತ್ತಿಂದ ಒಂದು ಸಲಾನೂ ತಪ್ಪಿಸಿಲ್ಲ. ತಮ್ಮನಿಗೂ ಸ್ನೇಹಿತೆಗೂ ಗೊತ್ತಾಗೋದು ಬೇಡ, ಅವರಿಬ್ರೂ ತಡ್ಕೊಳ್ಳಲ್ಲ ಅಂತಿದ್ರು" ಎಂದವರು, ನಾನೇ ಆ ಸ್ನೇಹಿತೆ ಎಂದು ಹೊಳೆದು ನಾಲಿಗೆ ಕಚ್ಚಿಕೊಂಡರು. ಯಾವಾಗ ಕೇಳಿದ್ದು ಎಂದು ವಿಚಾರಿಸಿದೆ. ಅವರು ಹೇಳಿದ ದಿನ ಸಭೆಗೂ ಮುಂಚಿನದು.

ಒಳಗೆ ಬರುವ ಧೈರ್ಯ ನನಗಿಲ್ಲ. ಕಾಗದವನ್ನು ಅವರ ಕೈಯಲ್ಲೇ ಕಳಿಸುತ್ತಿದ್ದೇನೆ. ಇದರಲ್ಲಿ ನಿನಗೆ ಹೊಸತು ಏನೂ ಇಲ್ಲ. ಒಂದೇ ಒಂದಕ್ಕೆ ಉತ್ತರ ಕೊಡು. ನೀನು ಬರುವುದಿಲ್ಲವೆಂದು ನಿನಗೆ ಗೊತ್ತಿದ್ದ ಮನೆಗಳಿಗೆ ನನ್ನ ಬಾಯಿಂದ ಯಾಕೆ ಒಪ್ಪಿಗೆ ಹೇಳಿಸಿದೆ?