ಬಸ್ಸಿನಲ್ಲಿ, ಬಸ್ಸಿನ ಪಕ್ಕದಲ್ಲಿ

ಜೂನ್ 9, ಮಧ್ಯಾಹ್ನ 1.20

ಡಬ್ಬಿ ತೊಳೆದಿಟ್ಟು ಮತ್ತೆ ಪಾಠ. ಇವತ್ತು ಇನ್, ಆನ್, ಅಟ್. ಕಾರಿಗೆ ಇನ್, ಬಸ್ಸಿಗೆ ಆನ್. ಸೋಮವಾರಕ್ಕೆ ಆನ್, ಜೂನ್‌ಗೆ ಇನ್, ಎಂಟು ಗಂಟೆಗೆ ಅಟ್. ನಡೆದು ಬಂದರೆ ಆನ್ ಫುಟ್, ಬಸ್ಸಿನಲ್ಲಿ ಬಂದರೆ ಬೈ ಬಸ್. ತಲೆ ಗಿರ್ರೆಂದಿತು. ಸ್ಕೂಲ್ ಆಫೀಸಿನ ಅಕ್ಕ ನಕ್ಕರು. "ನಮಗೆ ಒಂದೇ 'ಅಲ್ಲಿ' ಸಾಕು. ಅವರಿಗೆ ಮೂರು ಬೇಕು, ಏನ್ ಮಾಡೋದು?"

ಹನ್ನೊಂದು ವರ್ಷದಿಂದ ನಾನು ಸ್ಕೂಲ್ ಬಸ್ಸಿನ ಆಯಾ. ಟ್ರಿಪ್ ಶೀಟನ್ನು ಇಂಗ್ಲಿಷಿನಲ್ಲಿ ಬರೆಯಲು ಬಂದರೆ ಸೂಪರ್‌ವೈಸರ್ ಮಾಡುತ್ತಾರಂತೆ. ಅದಕ್ಕೇ ಅಕ್ಕ ತಮ್ಮ ಊಟದ ಹೊತ್ತಿನಲ್ಲಿ ಕಲಿಸುತ್ತಿದ್ದಾರೆ. ಒಡಹುಟ್ಟಿದವರೂ ಇಷ್ಟು ಮಾಡುವುದಿಲ್ಲ.

ಜೂನ್ 17

ನಮ್ಮ ಬಸ್ಸಿಗೆ ಹೊಸ ಡ್ರೈವರ್. ಅಕ್ಕನ ತಮ್ಮ. ಒಳ್ಳೆಯವನೇ... ಕಾಲಿಗೆ ಚಕ್ರ ಕಟ್ಟಿಕೊಂಡವನು, ಅಷ್ಟೇ. "ನಿನ್ ತಮ್ಮ ಅಂದ್ಕೊಂಡು ನೋಡ್ಕೋ" ಅಂದರು ಅಕ್ಕ.

ಜುಲೈ 2, ಸಂಜೆ 5

ಇವತ್ತು ಬೆಳಿಗ್ಗೆಯ ಟ್ರಿಪ್ಪಿನಲ್ಲಿ ಆದದ್ದು.

ವಾಚ್‌ಮನ್ ರಜೆ. ಗೇಟಿನಲ್ಲೇ ಇಳಿದು ಮಕ್ಕಳನ್ನು ದಾಟಿಸಿ ಎಂದು ಸ್ಕೂಲಿನಿಂದ ಫೋನ್. "ನೀವು ಇಳೀರಿ, ಸೀಟೆಲ್ಲ ನಾನು ನೋಡ್ತೀನಿ" ಅಂದ ಡ್ರೈವರ್. ನೋಡಲಿಲ್ಲ. ಕೊನೆಯ ಸೀಟಿನಲ್ಲಿ ಎಲ್‌ಕೆಜಿ ಹುಡುಗಿ ನಿದ್ದೆ ಹೋಗಿದ್ದಳು. ಬಸ್ ಶೆಡ್ಡಿಗೆ ಹೋಯಿತು, ಲಾಕ್ ಆಯಿತು. ಹಾಜರಿ ಕರೆದಾಗ ಗೊತ್ತಾಯಿತು. ಐವತ್ತು ನಿಮಿಷ.

ಬೆವರಿನಲ್ಲಿ ತೊಯ್ದಿತ್ತು ಮಗು, ಅತ್ತು ಅತ್ತು ದನಿ ಬಿದ್ದಿತ್ತು. ಡಾಕ್ಟರ್ ಏನೂ ತೊಂದರೆಯಿಲ್ಲ ಅಂದರು. ಮಗು ಮಾತ್ರ ನನ್ನ ಕುತ್ತಿಗೆಯನ್ನು ಬಿಡಲೇ ಇಲ್ಲ.

ಜುಲೈ 3

ಹೇಳಿಕೆ ಇಂಗ್ಲಿಷಿನಲ್ಲೇ ಬೇಕಂತೆ. ಅಕ್ಕ ಬರೆದುಕೊಟ್ಟರು. ನಾನು ಹೇಳಿದ್ದು— ಎಂಟೂವರೆಗೆ ಗೇಟಿನ ಹತ್ತಿರ, ಬಸ್ಸಿನ ಪಕ್ಕ ನಿಂತಿದ್ದೆ. ಅವರು ಬರೆದಿದ್ದು— ಐ ವಾಸ್ ಆನ್ ದ ಬಸ್.

"ಅಕ್ಕ, ಪಕ್ಕ ಅನ್ನೋಕೂ ಆನ್ ಅಂತಾನೇ ಬರೀಬೇಕಾ?"

"ಬಸ್ಸಿಗೆ ಯಾವಾಗ್ಲೂ ಆನ್. ಕಲಿಸಿದ್ದು ಇಷ್ಟು ಬೇಗ ಮರೆತ್ಯಾ?"

ನಾಚಿಕೆಯಾಯಿತು. ಸಹಿ ಹಾಕಿದೆ.

ಜುಲೈ 11

ಕೆಲಸದಿಂದ ನಿಲ್ಲಿಸಿದ್ದಾರೆ. ಎಂಟನೇ ಕ್ಲಾಸಿನ ಮಗಳು ಪತ್ರ ಓದಿ ಹೇಳಿದಳು. "ಸೀಟ್ ನೋಡೋಕೆ ಆಯಾ ಬಸ್ಸಲ್ಲೇ ಉಳಿದ್ರು" ಅಂತ ಡ್ರೈವರ್ ಹೇಳಿಕೆ. ನನ್ನ ಹೇಳಿಕೆಯೂ ಅದಕ್ಕೆ ತಾಳೆಯಾಗುತ್ತಿದೆಯಂತೆ.

"ನಾನು ಪಕ್ಕದಲ್ಲಿದ್ದೆ ಕಣೇ."

"ಪಕ್ಕ ಅಂದ್ರೆ ಬೈ ದ ಬಸ್, ಅಮ್ಮ. ಆನ್ ದ ಬಸ್ ಅಂದ್ರೆ ನೀನು ಒಳಗಿದ್ದೆ ಅಂತ."

"ಬೈ ಬಸ್ ಅಂದ್ರೆ ಬಸ್ಸಲ್ಲಿ ಬರೋದಲ್ವಾ?"

"ಮಧ್ಯ ಒಂದು 'ದ' ಇದೆ. ಆಗ ಪಕ್ಕ."

ನನಗೆ ಗೊತ್ತಿರಲಿಲ್ಲ, ಸರಿ. ಅಕ್ಕನಿಗೆ ಗೊತ್ತಿರಲಿಲ್ಲವೇ? ಇಪ್ಪತ್ತು ವರ್ಷ ಇಂಗ್ಲಿಷಿನಲ್ಲಿ ಪತ್ರ ಬರೆದವರು. ನಂಬಿಸಿ ಕತ್ತು ಕೊಯ್ಯುವುದು ಅಂದರೆ ಇದೇ.

ಮಗಳ ಹತ್ತಿರ ಒಂದು ಖಾಲಿ ಕಾಗದ ಕೇಳಿದೆ.

ಜುಲೈ 14, ಬೆಳಿಗ್ಗೆ 11

ಹೊಸ ಹೇಳಿಕೆ ನಾನೇ ಬರೆದೆ, ನಾಲ್ಕು ಸಾಲು. ಮೂರು ಕಾಗದ ಹರಿದೆ. ಪ್ರಿನ್ಸಿಪಾಲ್ ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದಿದರು.

"ಹಳೆಯದರಲ್ಲೂ ನಿಮ್ಮದೇ ಸಹಿ ಇದೆಯಲ್ಲಮ್ಮ?"

"ಸಹಿ ನಂದು ಮೇಡಂ. ಆನ್ ನಂದಲ್ಲ."

ಗೇಟಿನ ಕ್ಯಾಮೆರಾ ನೋಡಿ ಅಂತ ಕೇಳಿಕೊಂಡೆ.

ಜುಲೈ 22

ಕ್ಯಾಮೆರಾದಲ್ಲಿ ಎಂಟೂವರೆಗೆ ನಾನು ಗೇಟಿನಲ್ಲಿದ್ದೇನೆ, ಒಂದೊಂದು ಕೈಯಲ್ಲಿ ಒಂದೊಂದು ಮಗು. ಡ್ರೈವರನ್ನು ತೆಗೆದರು. ನಾಳೆಯಿಂದ ಬನ್ನಿ ಅಂದರು ನನಗೆ. ಅಕ್ಕನಿಗೆ ಏನೂ ಆಗಲಿಲ್ಲ. ಅವಸರದಲ್ಲಿ ಒಂದು ಪದ ತಪ್ಪಾಯಿತು ಅಂದರಂತೆ.

ಜುಲೈ 23, ಮಧ್ಯಾಹ್ನ 1.30

ಡಬ್ಬಿ ತೆಗೆದುಕೊಂಡು ಖಾಲಿ ಬಸ್ಸಿನಲ್ಲಿ ಕೂತಿದ್ದೆ. ಅಕ್ಕ ಹತ್ತಿ ಬಂದರು. ಎದುರು ಸೀಟು.

"ಅವನು ಮನೆಗೊಬ್ಬನೇ ಗಂಡುಮಗ. ಈ ಕೆಲಸಾನೂ ಹೋದ್ರೆ ಹಾಳಾಗ್ತಾನೆ ಅಂತ..."

"ನನಗೂ ಮನೆ ಇದೆ ಅಕ್ಕ."

"ನಿನ್ನನ್ನ ಬೈದು ಬಿಟ್ಟುಬಿಡ್ತಾರೆ ಅಂದ್ಕೊಂಡೆ. ಆಮೇಲೆ... ನಿನಗೆ ಗೊತ್ತಾಗಲ್ಲ ಅಂದ್ಕೊಂಡೆ."

"ದಿನಾ ಕಲಿಸಿದವರು ನೀವೇ ಅಲ್ವಾ?"

"ಕಲಿಸಿದೆ." ತಲೆ ತಗ್ಗಿಸಿದರು. "ನೀನು ಕಲೀತೀಯ ಅಂತ ಕಲಿಸಲಿಲ್ಲ ಕಣೇ. ಊಟಕ್ಕೆ ಜೊತೆಗೆ ಯಾರೂ ಇರಲಿಲ್ಲ."

ಸುಳ್ಳು ಬರೆದದ್ದನ್ನು ಎಂದಾದರೂ ಮರೆತೇನು. ಆದರೆ ನಾನು ಕಲಿಯುತ್ತೇನೆಂದು ಒಂದು ದಿನವೂ ನಂಬದೆ ಕಲಿಸಿದ್ದನ್ನು ಮರೆಯಲಾರೆ.